ಬಸ್ಸು ಎಷ್ಟಕ್ಕ ಐತ್ರಿ?

"ಹೊಸ ಆವೃತ್ತಿ ಬಂದಿದೆ, ಹಾಕಲೇ?" ಎಂದು ಬೆಳಿಗ್ಗೆ ಏಳೂಕಾಲಿಗೆ ಲ್ಯಾಪ್‌ಟಾಪು ಕೇಳಿದಾಗ ಹುಲಗೇಶ ಬೇಡ ಎಂದಿದ್ದರೆ ಆಗಿತ್ತು. ಅವತ್ತು ಮಧ್ಯಾಹ್ನ ಮೂರಕ್ಕೆ ಅವನ ಬಿಸಿಎ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಪರೀಕ್ಷೆ. ತೋರಿಸಬೇಕಾದ ವೆಬ್‌ಸೈಟು ಹಿಂದಿನ ದಿನದವರೆಗೂ ಒಂದು ಕೆಮ್ಮೂ ಇಲ್ಲದೆ ನಡೆದಿತ್ತು. ಆದರೆ ಸರಿಯಾಗಿ ನಡೆಯುವ ಯಂತ್ರವನ್ನು ಅದರ ಪಾಡಿಗೆ ಬಿಡುವ ಜಾಯಮಾನ ಹುಲಗೇಶನದಲ್ಲ. ಗಾಯದ ಹಕ್ಕಳೆ ಕೆರೆದುಕೊಳ್ಳುವವರ ಹಾಗೆ ದಿನಕ್ಕೊಮ್ಮೆಯಾದರೂ ಲ್ಯಾಪ್‌ಟಾಪನ್ನು ನಡೆಸುವ ಲಿನಕ್ಸಿನ ಒಳಗೆ ಕೈ ಹಾಕಿ ಏನಾದರೂ ಕೆದಕದಿದ್ದರೆ ಅವನಿಗೆ ಚಹಾ ಗಂಟಲಿನಿಂದ ಕೆಳಗಿಳಿಯುತ್ತಿರಲಿಲ್ಲ. ಹಾಕು ಎಂದು ಒತ್ತಿಬಿಟ್ಟ.

ಎಂಟಕ್ಕೆ ಲ್ಯಾಪ್‌ಟಾಪು ಮತ್ತೆ ಕಣ್ಣು ಬಿಟ್ಟಿತು. ವೈಫೈ ಬಿಡಲಿಲ್ಲ. ವೆಬ್‌ಸೈಟನ್ನು ನಡೆಸುವ ತಂತ್ರಾಂಶವೂ ಹೊಸ ಆವೃತ್ತಿಯ ಜೊತೆ ಬಾಳುವೆ ಮಾಡಲಾರೆ ಎಂದು ಒಂದು ಸಾಲಿನ ರಾಜೀನಾಮೆ ಬರೆದಿಟ್ಟು ಹೊರಟುಹೋಗಿತ್ತು. ಅದನ್ನು ಮರಳಿ ಕರೆತರಲು ನಾನೂರ ಹನ್ನೆರಡು ಎಂಬಿಯ ಒಂದು ಫೈಲನ್ನು ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕಿತ್ತು.

ವೆಬ್‌ಸೈಟು ಬಸ್ಸುಗಳದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ಸ್ಟ್ಯಾಂಡುಗಳಿಂದ ಯಾವ ಊರಿಗೆ ಎಷ್ಟು ಗಂಟೆಗೆ ಬಸ್ಸಿದೆ ಎನ್ನುವುದನ್ನು ಹುಲಗೇಶ ಮೂರು ತಿಂಗಳು ನೋಟ್‌ಬುಕ್ಕು ಹಿಡಿದು ಸ್ಟ್ಯಾಂಡಿನಲ್ಲೇ ನಿಂತು ಬರೆದುಕೊಂಡಿದ್ದ. ಕೊನೆಯ ಕಾಲಮ್ಮಿನಲ್ಲಿ ಯಾವ ಕಡೆಯ ಸೀಟಿಗೆ ಬಿಸಿಲು ಬೀಳುವುದಿಲ್ಲ ಎಂಬ ಮಾಹಿತಿಯೂ ಇತ್ತು. ಅದು ಅವನ ಸ್ವಂತ ಸಂಶೋಧನೆ. ಸ್ವಂತದ್ದೇ ಆಗಬೇಕಿತ್ತು ಕೂಡ. ಹಿಂದಿನ ವರ್ಷ ಇಬ್ಬರು ಎಲ್ಲಿಂದಲೋ ಎತ್ತಿ ತಂದ ಪ್ರಾಜೆಕ್ಟು ತೋರಿಸಿ ಫೇಲಾಗಿ ಆರು ತಿಂಗಳು ಮನೆಯಲ್ಲಿ ಕೂತಿದ್ದರು. ವಿಭಾಗದ ಮುಖ್ಯಸ್ಥ ಅಂಬರೀಶ ಸರ್ ಈ ಸಲ ಮೊದಲೇ ಹೇಳಿದ್ದರು: "ನಿಮ್ಮ ನಿಮ್ಮ ಲ್ಯಾಪ್‌ಟಾಪಿನ್ಯಾಗ ನಡಸಿ ತೋರಿಸ್ಬೇಕು. ನಕಲ್ ಅಂತ ಗೊತ್ತಾದ್ರ ಹೊರಗಿಂದ ಬಂದ ಎಕ್ಸಾಮಿನರ್ ಬಿಡಂಗಿಲ್ಲ, ನಾನೂ ನಡಬರಕ ಬರಂಗಿಲ್ಲ."

ವೈಫೈ ಇಲ್ಲದ್ದರಿಂದ ಹುಲಗೇಶ ಫೋನನ್ನು ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ಫೈಲು ಇಳಿಯತೊಡಗಿತು. ಮೂರು ಪರ್ಸೆಂಟ್, ಐದು, ಒಂಬತ್ತು. ಆಗ ಫೋನು ಬಾರಿಸಿತು.

"ಅಕ್ಕಿಆಲೂರ ಬಸ್ಸು ಎಷ್ಟಕ್ಕ ಐತ್ರಿ?"

ರಾಂಗ್ ನಂಬರ್ ಎಂದು ಹುಲಗೇಶ ಇಟ್ಟ. ಆದರೆ ಅಷ್ಟರಲ್ಲಿ ಡೌನ್‌ಲೋಡು ಸತ್ತಿತ್ತು. ಅವನ ಆ ಹಳೆಯ ಫೋನಿನಲ್ಲಿ ಮಾತು ಮತ್ತು ಇಂಟರ್‌ನೆಟ್ಟು ಸವತಿಯರಿದ್ದಂತೆ, ಒಬ್ಬಳು ಬಂದರೆ ಇನ್ನೊಬ್ಬಳು ಹೊರಗೆ. ಫೈಲು ಕೊಡುವ ಸರ್ವರ್ರೂ ಅರ್ಧಕ್ಕೆ ನಿಂತದ್ದನ್ನು ಮುಂದುವರಿಸುವಂಥದ್ದಲ್ಲ. ಪ್ರತಿ ಸಲವೂ ಸೊನ್ನೆಯಿಂದ ಶುರು.

ಹನ್ನೆರಡು ಪರ್ಸೆಂಟಿಗೆ ಇನ್ನೊಬ್ಬರು ತಿಳವಳ್ಳಿ ಬಸ್ಸು ಕೇಳಿದರು. ಇಪ್ಪತ್ತಕ್ಕೆ ಒಬ್ಬ ಅಜ್ಜ ಹುಬ್ಬಳ್ಳಿ ಬಸ್ಸು ಬಿಟ್ಟಿತೋ ಹೇಗೆ ಎಂದ. ಫೋನಿನ ಸದ್ದು ಅಡಗಿಸಿದರೂ ಉಪಯೋಗವಿರಲಿಲ್ಲ. ಕರೆ ಬಂದರೆ ಸಾಕು, ಎತ್ತಿದರೂ ಬಿಟ್ಟರೂ ಇಂಟರ್‌ನೆಟ್ಟು ಹೋಗುತ್ತಿತ್ತು. ಎತ್ತಿ ರಾಂಗ್ ನಂಬರ್ ಎಂದರೆ ಜನ ಮತ್ತೆ ಮಾಡುತ್ತಿದ್ದರು. ಒಂಬತ್ತನೆಯ ಕರೆಯ ಹೊತ್ತಿಗೆ ಹುಲಗೇಶನಿಗೆ ಅತಿ ಬೇಗ ಮುಗಿಸುವ ಉಪಾಯ ಸುಮ್ಮನೆ ಟೈಮು ಹೇಳಿಬಿಡುವುದು ಎಂದು ಹೊಳೆಯಿತು. ಹೇಗೂ ಎಲ್ಲಾ ಬಾಯಿಪಾಠವೇ.

ಪಕ್ಕದ ಮನೆಯ ಸರೋಜವ್ವ ಇದನ್ನೆಲ್ಲ ಬಾಗಿಲ ಚೌಕಟ್ಟಿಗೆ ಆತು ನಿಂತು ನೋಡುತ್ತಿದ್ದರು. ಹುಡುಗನಿಗೆ ಬಸ್‌ಸ್ಟ್ಯಾಂಡಿನಲ್ಲಿ ನೌಕರಿ ಆಯಿತೇ ಎಂದು ಹುಲಗೇಶನ ಅವ್ವ ಭರಮವ್ವನನ್ನು ಕೇಳಿದರು. ಅವ್ವನಿಗೂ ಖಾತ್ರಿ ಇರಲಿಲ್ಲ, ಆದರೂ ಇಲ್ಲ ಎನ್ನಲು ಮನಸ್ಸಾಗಲಿಲ್ಲ.

ಹತ್ತೂವರೆಗೆ ದೇವರು ಕಣ್ಣು ತೆರೆದ. ಇಪ್ಪತ್ತು ನಿಮಿಷ ಒಂದೂ ಕರೆಯಿಲ್ಲ. ತೊಂಬತ್ತು ಪರ್ಸೆಂಟು ದಾಟಿತು. ಹುಲಗೇಶ ಅಷ್ಟು ಹೊತ್ತಿನಿಂದ ತಡೆದುಕೊಂಡಿದ್ದವನು ಹಿತ್ತಲಿಗೆ ಓಡಿದ. ತಿರುಗಿ ಬಂದಾಗ ಸರೋಜವ್ವ ಅವನ ಕುರ್ಚಿಯಲ್ಲಿ ಕುಳಿತು, ಕೇಬಲ್ಲಿನ ಸಮೇತ ಫೋನನ್ನು ಕಿವಿಗೆ ಹಿಡಿದು ಮಾತಾಡುತ್ತಿದ್ದರು.

"ಹೌದನವಾ, ಹಿರೇಕೆರೂರಾಗ ಯಾರ ಪೈಕಿ ನೀವು? ಕುಬೇರಪ್ಪನವರ ಮನಿಯವರಾ? ಅಯ್ಯ ಶಿವನ, ನಮ್ಮ ನೆಗೆಣ್ಣಿ ತವರುಮನಿ ಅಲ್ಲೇ ಬಾಜೂಕ."

ಒಂಬತ್ತು ನಿಮಿಷ ನಡೆಯಿತು. ಕುಬೇರಪ್ಪನವರ ಮನೆಯ ಎರಡು ಬಾಣಂತನ, ಒಂದು ಮಂಡಿಚಿಪ್ಪಿನ ಆಪರೇಶನ್ನು ತಿಳಿದವು. ಕೊನೆಗೆ ಫೋನು ಕೆಳಗಿಟ್ಟ ಸರೋಜವ್ವ, "ಪಾಪ, ಬಸ್ ಕೇಳಾಕ ಹಚ್ಚಿದ್ಲಂತ. ಮಾತಿನ್ಯಾಗ ಮರತ್ಲು. ಮತ್ತ ಹಚ್ಚತಾಳ, ಎತ್ತು," ಎಂದು ಎದ್ದುಹೋದರು. ಪರದೆಯ ಮೇಲೆ ಸೊನ್ನೆ ಇತ್ತು.

ಅವಳು ಮತ್ತೆ ಹಚ್ಚಿದಳು. ಟೈಮು ಹೇಳುವ ಮೊದಲು ಹುಲಗೇಶ ಈ ನಂಬರು ಎಲ್ಲಿ ಸಿಕ್ಕಿತು ಎಂದು ಕೇಳಿದ. ಸ್ಟ್ಯಾಂಡಿನಲ್ಲಿ ದೊಡ್ಡದಾಗಿ ಹಚ್ಚಿದ್ದಾರಲ್ಲ ಎಂದಳು.

ಹಾನಗಲ್ ಸ್ಟ್ಯಾಂಡಿಗೆ ಸೈಕಲ್ಲಿನಲ್ಲಿ ಎಂಟು ನಿಮಿಷ. ಹುಲಗೇಶ ಐದರಲ್ಲಿ ಮುಟ್ಟಿದ. ಕಂಬದ ಮೇಲೆ ಬಸ್ಸಿನ ಟೈಮು, ಬಿಸಿಲಿನ ಕಾಲಮ್ಮು ಎಲ್ಲ ಇದ್ದ ಅವನ ವೆಬ್‌ಸೈಟಿನ ಮೊದಲ ಪುಟವೇ ಇತ್ತು, ದಿನಪತ್ರಿಕೆಯ ಹಾಳೆಯಷ್ಟು ಅಗಲವಾಗಿ. ಪುಟದ ಕೆಳಗೆ ಅವನು 'ತಪ್ಪು ಕಂಡಲ್ಲಿ ದಯವಿಟ್ಟು ತಿಳಿಸಿ, ಹುಲಗೇಶ' ಎಂದು ಬರೆದು ನಂಬರು ಕೊಟ್ಟಿದ್ದ. ಹಿಗ್ಗಿಸುವಾಗ ಆ ಸಾಲು ಹಾಳೆಯ ಅಂಚಿಗೆ ಸಿಕ್ಕು ಕತ್ತರಿಸಿಹೋಗಿತ್ತು. ನಂಬರು ಮಾತ್ರ ಉಳಿದಿತ್ತು. ಎಡ ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಕಪ್ಪು ಗೆರೆ. ಆ ಗೆರೆ ಊರಿಗೆಲ್ಲ ಗೊತ್ತು. ಸ್ಟ್ಯಾಂಡಿನ ಎದುರಿಗಿರುವ ಅಕ್ಬರಸಾಬನ ಝೆರಾಕ್ಸ್ ಯಂತ್ರದ ಹೊರತು ಅದನ್ನು ಬೇರೆ ಯಾರೂ ಎಳೆಯಲಾರರು.

ಅಕ್ಬರಸಾಬ ಅಂಗಡಿಯಲ್ಲಿ ಆಧಾರ್ ಕಾರ್ಡೊಂದನ್ನು ಲ್ಯಾಮಿನೇಶನ್ ಮಾಡುತ್ತಿದ್ದ. ಅವನಲ್ಲಿ ಇದ್ದದ್ದು ಎರಡು ಝೆರಾಕ್ಸ್ ಯಂತ್ರ, ಒಂದು ಲ್ಯಾಮಿನೇಶನ್ ಯಂತ್ರ ಮತ್ತು ಗುಂಡಿ ಒತ್ತುವ ಒಂದು ಫೋನು. ಇಂಟರ್‌ನೆಟ್ಟಿನ ಉಸಾಬರಿ ಇಟ್ಟುಕೊಂಡಿರಲಿಲ್ಲ.

"ಬಾ ತಮ್ಮಾ, ನಿಂದs ದಾರಿ ನೋಡಾಕತ್ತಿದ್ದೆ. ಮೊನ್ನೆ ಪ್ರಾಜೆಕ್ಟಿನ ರಿಪೋರ್ಟ್ ಝೆರಾಕ್ಸಿಗೆ ತಂದಿದ್ದೆಲ್ಲ, ಅದರಾಗಿನ ಹಾಳಿ ನೋಡಿ ಜೀವ ತಡೀಲಿಲ್ಲ. ಇಷ್ಟ ಚಲೋ ಕೆಲಸ ರಿಪೋರ್ಟಿನ್ಯಾಗ ಕೊಳತ್ರ ಏನ್ ಬಂತು. ನಾಕ ದೊಡ್ಡ ಕಾಪಿ ತಗದು ಕಂಡಕ್ಟರ್ ಮಂದಿ ಕೈಲೆ ನಾಕೂ ಸ್ಟ್ಯಾಂಡಿಗೆ ಹಚ್ಚಿಸೇನಿ. ಅಂಗಡ್ಯಾಗೂ ಒಂದು ಇಟ್ಕೊಂಡೇನಿ. ನನ್ನ ಕಡಿಂದ ಸೇವಾ."

"ಕಾಕಾ, ನನ್ನ ನಂಬರ್ ಯಾಕ ಬಿಟ್ರಿ ಅದರಾಗ?"

"ಮತ್ತ ಜನಾ ಯಾರಿಗೆ ಕೇಳಬೇಕು?"

ಹುಲಗೇಶ ಕಂಬದ ಕಡೆ ನೋಡಿದ. ಹಾನಗಲ್ಲಿನ ಹಾಳೆಯನ್ನು ಹರಿಯಬಹುದು, ಹಿರೇಕೆರೂರಿನದಕ್ಕೆ ಏನು ಮಾಡುವುದು? ಅವನು ಅಲ್ಲೇ ನಿಂತಿದ್ದಾಗ ಮತ್ತೆ ಎರಡು ಕರೆ ಬಂದವು. ಗಂಟೆ ಹನ್ನೊಂದೂ ಮುಕ್ಕಾಲು. ಅಂಗಡಿಯ ಬೋರ್ಡಿನ ಮೇಲೆ ಅಕ್ಬರಸಾಬನ ನಂಬರು ಕೆಂಪಕ್ಷರದಲ್ಲಿತ್ತು. ಹುಲಗೇಶ ತನ್ನ ಫೋನಿನ ಸೆಟ್ಟಿಂಗ್ಸಿನೊಳಗೆ ಹೊಕ್ಕು, ತನಗೆ ಬರುವ ಎಲ್ಲ ಕರೆಗಳೂ ನೇರವಾಗಿ ಆ ನಂಬರಿಗೆ ಹೋಗುವಂತೆ ತಿರುಗಿಸಿದ. ಸೇವೆ ಮಾಡುವ ಆಸೆ ಇದ್ದವರು ಪೂರ್ತಿ ಮಾಡಲಿ. ಅವನು ಸೈಕಲ್ಲು ಹತ್ತುವ ಮೊದಲೇ ಅಂಗಡಿಯ ಫೋನು ಬಾರಿಸಿತು. ಅವನು ತಿರುಗಿ ನೋಡಲಿಲ್ಲ.

ಮನೆಯಲ್ಲಿ ಫೈಲು ಇಪ್ಪತ್ಮೂರು ನಿಮಿಷದಲ್ಲಿ ಇಳಿಯಿತು. ಒಂದೂ ಕರೆಯಿಲ್ಲ. ವೆಬ್‌ಸೈಟು ಒಂದೂ ಹತ್ತಕ್ಕೆ ಎದ್ದು ನಿಂತಿತು, ಬಿಸಿಲಿನ ಕಾಲಮ್ಮಿನ ಸಮೇತ. ಹುಲಗೇಶ ಅವ್ವ ಬಡಿಸಿದ ರೊಟ್ಟಿಯನ್ನು ನಿಂತೇ ಮುಗಿಸಿ, ಲ್ಯಾಪ್‌ಟಾಪು ಮತ್ತೇನಾದರೂ ಕೇಳುವ ಮೊದಲೇ ಮುಚ್ಚಿ ಕಾಲೇಜಿಗೆ ಹೊರಟ.

ಎಕ್ಸಾಮಿನರ್ ಯಶೋಧರಾ ಮೇಡಂ ಸರಿಯಾಗಿ ಮೂರಕ್ಕೆ ಲ್ಯಾಬಿಗೆ ಬಂದರು. ಸುಕ್ಕಿಲ್ಲದ ಸೀರೆ, ಬೆವರಿಲ್ಲದ ಮುಖ. ಯಲವಿಗಿಯವರೆಗೆ ರೈಲಿನಲ್ಲಿ ಬಂದು, ಮುಂದೆ ಬಸ್ಸಿನಲ್ಲಿ ಬಂದೆನೆಂದೂ, ಇಷ್ಟು ಸುಖವಾಗಿ ಯಾವ ಪರೀಕ್ಷೆಗೂ ಹೋಗಿಲ್ಲವೆಂದೂ ಅಂಬರೀಶ ಸರ್ ಎದುರು ಹೇಳಿಕೊಂಡರು. ಸವಣೂರು ಸ್ಟ್ಯಾಂಡಿನಲ್ಲಿ ಎನ್‌ಕ್ವಾಯರಿ ನಂಬರು ಹಚ್ಚಿದ್ದರಂತೆ. ಫೋನು ಮಾಡಿದರೆ ಯಾರೋ ಹಿರಿಯ ಅಧಿಕಾರಿ ಎತ್ತಿ, ಬಂಕಾಪುರದಲ್ಲಿ ಇಳಿದು ಬಸ್ಸು ಬದಲಿಸಿ, ಬಲಗಡೆ ಕುಳಿತರೆ ಬಿಸಿಲು ಬಡಿಯುವುದಿಲ್ಲ ಎಂದೆಲ್ಲ ಹೇಳಿದರಂತೆ. ಹುಲಗೇಶನಿಗೆ ಒಳಗೇ ರೆಕ್ಕೆ ಮೂಡಿದವು. ತನ್ನದೇ ಮಾಹಿತಿ ಹಿಡಿದು ಬಂದ ಎಕ್ಸಾಮಿನರ್ ಎಷ್ಟು ಜನರಿಗೆ ಸಿಗುತ್ತಾರೆ.

ಅವನ ಸರದಿ ಬಂತು. ವೆಬ್‌ಸೈಟು ತೆರೆದ. ಮೇಡಂ ಕನ್ನಡಕ ಏರಿಸಿ ನೋಡಿದರು, ಕೆಳಗಿಳಿಸಿ ನೋಡಿದರು. ಬಿಸಿಲಿನ ಕಾಲಮ್ಮಿಗೆ ಬಂದಾಗ ಮುಖ ಗಂಟಾಯಿತು.

"ಇದು ಸ್ಟ್ಯಾಂಡಿನ್ಯಾಗ ಹಚ್ಚಿದ್ದಲ್ಲ? ಇಲಾಖೆದವರದ್ದು ಹಂಗ ಎತ್ತಿಬಿಟ್ಟೀ. ಬಲಗಡೆ ಕುಂದರ್ರಿ ಅನ್ನೋದನ್ನ ಸೈತ ಬಿಟ್ಟಿಲ್ಲ."

"ಇಲ್ರಿ ಮೇಡಮ್ರ, ಅದು ನಂದs. ಹಚ್ಚಿದ್ದು ನಮ್ಮ ಅಕ್ಬರ ಕಾಕಾ, ಝೆರಾಕ್ಸ್ ಅಂಗಡಿಯವರು. ಆ ನಂಬರ್ ಸೈತ ನಂದs ಐತಿ."

"ಝೆರಾಕ್ಸ್ ಅಂಗಡಿಯವರು," ಎಂದು ಮೇಡಂ ಆ ಎರಡು ಪದಗಳನ್ನು ಕೊಳೆತ ಬದನೆಕಾಯಿಯಂತೆ ಬೆರಳ ತುದಿಯಲ್ಲಿ ಎತ್ತಿ ಪಕ್ಕಕ್ಕಿಟ್ಟರು. ನಂಬರು ಹುಲಗೇಶನದೇ ಹೌದೋ ಎಂದು ನೋಡಲು ಅಂಬರೀಶ ಸರ್ ರಿಜಿಸ್ಟರು ತೆಗೆದರು. ಅದರಲ್ಲಿ ಹುಲಗೇಶನ ಹೆಸರಿನ ಮುಂದೆ ಅವನ ಅಪ್ಪನ ನಂಬರು ಇತ್ತು. ಸರ್ ರಿಜಿಸ್ಟರು ಮುಚ್ಚಿದರು.

ಮೇಡಂ ತಮ್ಮ ಫೋನಿನಿಂದ ಸ್ಟ್ಯಾಂಡಿನಲ್ಲಿ ಕಂಡ ನಂಬರು ಒತ್ತಿ ಸ್ಪೀಕರಿಗೆ ಹಾಕಿದರು. ಮೇಜಿನ ಮೇಲೆ ಹುಲಗೇಶನ ಫೋನು ತಣ್ಣಗೆ ಮಲಗಿತ್ತು. ಮುಂಜಾನೆ ತಾನು ಮಾಡಿದ್ದು ಅವನಿಗೆ ನೆನಪಾಗುವಷ್ಟರಲ್ಲಿ ಲ್ಯಾಬಿನ ತುಂಬ ಗಂಭೀರ ದನಿಯೊಂದು ಹರಡಿತು. ಮೂರು ತಾಸಿನಲ್ಲಿ ಆ ದನಿಗೆ ಇಪ್ಪತ್ತು ವರ್ಷದ ನೌಕರಿ ಆದಂತಿತ್ತು.

"ನಮಸ್ಕಾರ್ರಿ, ಹಾನಗಲ್ ಎನ್‌ಕ್ವಾಯರಿ. ಎಲ್ಲಿಗೆ ಹೋಗೋದೈತ್ರಿ?"

"ಸಾಹೇಬ್ರ, ಹುಲಗೇಶ ಅನ್ನೋ ಹುಡುಗ ಯಾರರ ಗೊತ್ತೇನ್ರಿ ನಿಮಗ?"

ಅಕ್ಬರಸಾಬನಿಗೆ ಊರಿನ ಹುಡುಗರೆಲ್ಲ ತಾಯಿ ತಂದೆಯ ಹೆಸರಿನಿಂದಲೇ ಪರಿಚಯ. ಹುಲಗೇಶ ಅವನ ಪಾಲಿಗೆ ಯಾವತ್ತೂ ಭರಮವ್ವನ ಮಗ.

"ಹುಲಗೇಶ," ಎಂದು ಅವನು ಯೋಚಿಸಿದ. "ಆ ಹೆಸರಿನ ಡ್ರೈವರ್ ಒಬ್ಬವಾ ಇದ್ದ ನೋಡ್ರಿ, ಹಿರೇಕೆರೂರಿಗೆ ಹೋಗಿ ಬಾಳ ದಿನಾ ಆತು. ಈಗ ಇಲ್ಲೆ ನಾ ಒಬ್ಬವನs ನೋಡ್ಕೋತೇನ್ರಿ."

ಹುಲಗೇಶ ಕರೆ ತಿರುಗಿಸಿದ ಕತೆಯನ್ನು ಉಸಿರು ಬಿಡದೆ ಹೇಳಿದ. ಸಾಲದೆಂದು, ದಿನವೂ ತಾನು ಬರೆದದ್ದರ ದಾಖಲೆ ತೋರಿಸಲು ಲಿನಕ್ಸಿನ ಕಪ್ಪು ಪರದೆ ತೆರೆದ. ಹಸಿರು ಅಕ್ಷರಗಳು ಇರುವೆ ಸಾಲಿನಂತೆ ಓಡಿದವು. ಮೇಡಂ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡರು. ಕೊನೆಗೆ ಅವನು ಸೆಟ್ಟಿಂಗ್ಸಿಗೆ ಹೋಗಿ ತಿರುಗಿಸಿದ್ದನ್ನು ತೆಗೆದುಹಾಕಿದ.

"ಈಗ ಇನ್ನೊಮ್ಮೆ ಹಚ್ಚಿ ನೋಡ್ರಿ ಮೇಡಮ್ರ."

ಮೇಡಂ ಹಚ್ಚಿದರು. ಮೇಜಿನ ಮೇಲಿದ್ದ ಅವನ ಫೋನು ಕುಣಿಯಿತು. ಹುಲಗೇಶ ಗೆದ್ದವನಂತೆ ಎಲ್ಲರ ಮುಖ ನೋಡಿದ. ಮೇಡಂ ಮುಖದಲ್ಲಿ ರಕ್ತವಿರಲಿಲ್ಲ.

"ಅಂಬರೀಶ ಅವರ, ನೋಡಿದ್ರೇನ್ರಿ? ಸರ್ಕಾರಿ ಎನ್‌ಕ್ವಾಯರಿ ನಂಬರ್ ಕುಂತಲ್ಲೆ ತನ್ನ ಫೋನಿಗೆ ತಿರುಗಿಸ್ಕೊಂಡ."

ಅಂಬರೀಶ ಸರ್ ತಾವು ನಡುವೆ ಬರುವುದಿಲ್ಲವೆಂದು ಮೊದಲೇ ಹೇಳಿದ್ದರು, ಬರಲಿಲ್ಲ. ಹುಲಗೇಶ ಆಮೇಲೆ ಹೇಳಿದ್ದೆಲ್ಲ ಗೋಡೆಗೆ ಹೇಳಿದಂತಾಯಿತು. ಮೇಡಂ ಅಂಕಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಗೆರೆ ಎಳೆದು, ಪೊಲೀಸರ ತನಕ ಒಯ್ಯುವುದಿಲ್ಲವೆಂದೂ ಆರು ತಿಂಗಳು ಬಿಟ್ಟು ಏನಾದರೂ ಸ್ವಂತದ್ದು ಮಾಡಿಕೊಂಡು ಬರಬೇಕೆಂದೂ ಹೇಳಿ, ಹೊರಗೆ ಕಳಿಸಿದರು.

ವರಾಂಡದಲ್ಲಿ ಹುಲಗೇಶ ಲ್ಯಾಪ್‌ಟಾಪನ್ನು ಎದೆಗೊತ್ತಿಕೊಂಡು ನಿಂತ. ಒಳಗೆ ಉಳಿದ ಹುಡುಗರ ಪರೀಕ್ಷೆ ನಡೆಯಿತು. ಕಾಲು ಒಂದೆಡೆ ನಿಲ್ಲದೆ ಅವನು ವರಾಂಡವನ್ನು ಹದಿನಾಲ್ಕು ಸಲ ಅಳೆದ. ನಾಲ್ಕೂ ನಲವತ್ತಕ್ಕೆ ಫೋನು ಬಾರಿಸಿತು. ಎತ್ತಿದ.

"ಸವಣೂರ ಕಡೆ ಬಸ್ಸು ಎಷ್ಟಕ್ಕ ಐತ್ರಿ?"

ದನಿ ಫೋನಿನಲ್ಲೂ ಕೇಳಿತು, ಬಾಗಿಲಿನ ಆಚೆಯಿಂದಲೂ ಕೇಳಿತು.

"ಐದೂ ಐದಕ್ಕ ಬಂಕಾಪುರ ಬಸ್ ಐತ್ರಿ ಮೇಡಮ್ರ. ಅಲ್ಲಿಂದ ಸವಣೂರಿಗೆ..."

ಬಾಗಿಲಿನ ಆಚೆ ಕುರ್ಚಿ ಸರಿದ ಸದ್ದಾಯಿತು.

"ತಮ್ಮಾ, ನೀ ಹೇಳೂದು ಬ್ಯಾಡ. ಆ ನಂಬರ್ ಮೊದಲಿನಂಗ ಸಾಹೇಬ್ರಿಗೆ ತಿರುಗಿಸು. ನನಗ ಖಾತ್ರಿ ಬೇಕು."

ಹುಲಗೇಶ ಮತ್ತೆ ಸೆಟ್ಟಿಂಗ್ಸಿನೊಳಗೆ ಹೊಕ್ಕ, ಅಕ್ಬರಸಾಬನ ನಂಬರು ಒತ್ತಿದ, ಬಾಗಿಲು ಸರಿಸಿ "ಆತ್ರಿ" ಎಂದ. ಮೇಡಂ ಫೋನು ಹಚ್ಚಿದರು. ಐದೂ ಐದಕ್ಕೆ ಬಂಕಾಪುರ ಬಸ್ಸಿದೆ ಎಂದು ಅತ್ತಲಿಂದ ಉತ್ತರ ಬಂತು.

"ಭಾಳ ಉಪಕಾರ ಆತ್ರಿ ಸಾಹೇಬ್ರ," ಎಂದರು ಮೇಡಂ. "ಇಲ್ಲೊಬ್ಬ ಹುಡುಗನೂ ಅದನs ಹೇಳಿದ. ನಿಮ್ಮದನ್ನ ಪೂರಾ ಬಾಯಿಪಾಠ ಮಾಡ್ಯಾನ."