ಗುಂಯ್‌ಗುಟ್ಟುವುದನ್ನು ನಿಲ್ಲಿಸಿದ ಆಂಪ್ಲಿಫೈಯರ್ ಅವರಿಗೆ

ಮಾನ್ಯರೇ,

ತಮ್ಮ ಮುಂಭಾಗದ ಕೆಂಪು ದೀಪಕ್ಕೂ ಹಿಂಭಾಗದ ನಾಲ್ಕು ವಾಲ್ವುಗಳಿಗೂ ಪ್ರತ್ಯೇಕವಾಗಿ ಕೈಮುಗಿದು, ರೇಡಿಯೋ ರಿಪೇರಿಯಲ್ಲಿ ಮೂವತ್ತೊಂದು ವರ್ಷ ಸವೆಸಿದ ಈ ಬಡಪಾಯಿ ಸಲ್ಲಿಸುವ ದೂರು ಏನೆಂದರೆ, ತಾವು ಕಳೆದ ಹನ್ನೊಂದು ದಿನಗಳಿಂದ ಯಾವ ದೋಷವೂ ಇಲ್ಲದೆ ಕೆಲಸ ಮಾಡುತ್ತಿದ್ದೀರಿ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ನನ್ನ ತಪ್ಪು ಊರಿಗೆಲ್ಲ ಗೊತ್ತಾಗಿರುವಾಗ ತಮ್ಮದೊಂದನ್ನು ಮುಚ್ಚಿಡುವುದು ನ್ಯಾಯವಲ್ಲ.

ನನ್ನ ಅಂಗಡಿಯ ಹಿಂದಿನ ಗೋದಾಮಿನಲ್ಲಿ ನನ್ನ ಮಗಳು, ಬೇಕರಿಯವನು ಮತ್ತು ಅಂಚೆ ಕಚೇರಿಯ ಗುಮಾಸ್ತೆ ಸೇರಿ ಒಂದು ರಾಕ್ ಬ್ಯಾಂಡ್ ನಡೆಸುತ್ತಾರೆಂಬುದು ತಮಗೆ ತಿಳಿದ ವಿಷಯ. ಮಗಳು ಗಿಟಾರ್ ಹಿಡಿದು ಹಾಡುತ್ತಾಳೆ, ಗುಮಾಸ್ತೆ ಬೇಸ್ ನುಡಿಸುತ್ತಾಳೆ, ಬೇಕರಿಯವನು ಬೆಳಗಿನ ಹಿಟ್ಟಿನ ಮೇಲಿನ ಸಿಟ್ಟನ್ನೆಲ್ಲ ಡ್ರಮ್ಮಿನ ಮೇಲೆ ತೀರಿಸಿಕೊಳ್ಳುತ್ತಾನೆ. ಹಾಡು ಬರೆಯುವವರೂ ಅವರೇ, ರಾಗ ಕಟ್ಟುವವರೂ ಅವರೇ. ಯಾವ ಕಂಪನಿಯ ಹಂಗೂ ಇಲ್ಲ, ತಾವೆಂಬ ಮಹನೀಯರ ಹಂಗೊಂದನ್ನು ಬಿಟ್ಟು. ಹರಾಜಿನಲ್ಲಿ ಸಿಕ್ಕ ತಾವು ಸ್ವಿಚ್ ಒತ್ತಿದ ಗಳಿಗೆಯಿಂದ ಆರಿಸುವ ತನಕ 'ಗುಂಯ್' ಎನ್ನುತ್ತಲೇ ಇರುತ್ತಿದ್ದಿರಿ. ಎರಡು ವರ್ಷ ಗೋಡೆಯಾಚೆ ಕೂತು ಅದನ್ನು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ರೇಡಿಯೋ ರಿಪೇರಿಯವನ ಮಗಳ ಆಂಪ್ಲಿಫೈಯರೇ ಹೀಗೆ ಗುಂಯ್‌ಗುಟ್ಟಿದರೆ ನಾನು ಊರಲ್ಲಿ ತಲೆಯೆತ್ತಿ ಓಡಾಡುವುದು ಹೇಗೆ?

ಹಾಗಾಗಿ ಅವರೆಲ್ಲ ಗಿಟಾರ್ ತಂತಿ ತರಲು ಪಕ್ಕದ ಊರಿಗೆ ಹೋದ ದಿನ, ಯಾರನ್ನೂ ಒಂದು ಮಾತು ಕೇಳದೆ ತಮ್ಮ ಹೊಟ್ಟೆ ಬಿಚ್ಚಿ, ಸತ್ತಿದ್ದ ಎರಡು ಕಂಡೆನ್ಸರ್ ಕಿತ್ತು ಹೊಸದು ಕೂರಿಸಿ, ಸಡಿಲವಾಗಿದ್ದ ಅರ್ತಿಂಗ್ ವೈರಿಗೆ ಬೆಸುಗೆ ಹಾಕಿ, ನನ್ನ ಪದ್ಧತಿಯಂತೆ ಬೆನ್ನಿಗೆ 'ದೋಷ ನಿವಾರಿಸಲಾಗಿದೆ' ಎಂಬ ಚೀಟಿಯನ್ನೂ ಅಂಟಿಸಿದೆ. ಆಹಾ, ಎಂಥ ನಿಶ್ಶಬ್ದ! ಮಗಳು ಬಂದು ಸ್ವಿಚ್ ಒತ್ತಿ, ಕಿವಿಗೊಟ್ಟು, ಮತ್ತೊಮ್ಮೆ ಒತ್ತಿ, 'ಅಪ್ಪಾ, ಏನ್ ಮಾಡ್ದೆ ಇದಕ್ಕೆ?' ಎಂದಾಗ ನಾನು ಎದೆಯುಬ್ಬಿಸಿ 'ಸರಿ ಮಾಡ್ದೆ ಕಣೇ' ಎಂದೆ. ಅಂದಿನಿಂದ ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ.

ಕಾರಣ ತಿಳಿಸಿದವನು ಬೇಕರಿಯವನು. ಈ ಮೂವರು ಪುಣ್ಯಾತ್ಮರು ತಾವು ಹೊರಡಿಸುತ್ತಿದ್ದ ಗುಂಯ್ ಅನ್ನೇ ಶ್ರುತಿಯೆಂದು ನಂಬಿ, ಅದಕ್ಕೇ ತಂತಿ ಬಿಗಿದು, ಹನ್ನೆರಡು ಹಾಡನ್ನೂ ಅದರ ಮೇಲೆಯೇ ಕಟ್ಟಿದ್ದರಂತೆ. ಆ ಶ್ರುತಿ ಯಾವ ಹಾರ್ಮೋನಿಯಂನಲ್ಲೂ ಇಲ್ಲ, ಎರಡು ಸ್ವರಗಳ ಸಂದಿಯಲ್ಲೆಲ್ಲೋ ಅವಿತಿದೆ. ಈಗ ಫೋನು ನೋಡಿಕೊಂಡು ಶ್ರುತಿ ಮಾಡಿದರೆ ಎಲ್ಲರ ಹಾಡಿನಂತೆಯೇ ಕೇಳುತ್ತದೆಂದು ಗುಮಾಸ್ತೆ ಮುಖ ಗಂಟಿಕ್ಕಿದ್ದಾಳೆ, ಇದು ತನ್ನ ಗಂಟಲೇ ಅಲ್ಲವೆಂದು ಮಗಳು ಮೈಕ್ ಕೆಳಗಿಟ್ಟಿದ್ದಾಳೆ. ಶನಿವಾರ ಪುರಭವನದಲ್ಲಿ ಅವರ ಮೊದಲ ದೊಡ್ಡ ಕಾರ್ಯಕ್ರಮ. ಅದನ್ನೇ ರದ್ದು ಮಾಡುವ ಮಾತು ನಡೆದಿದೆ.

ತಮ್ಮನ್ನು ಮತ್ತೆ ಕೆಡಿಸಲು ನಾನು ಪಟ್ಟ ಪಾಡು ನನ್ನ ಶತ್ರುವಿಗೂ ಬೇಡ. ಕಸದ ಬುಟ್ಟಿಯಿಂದ ಹಳೆಯ ಕಂಡೆನ್ಸರ್ ಹೆಕ್ಕಿ ತಂದು ಹಾಕಿದರೆ ತಾವು 'ಚಟಪಟ' ಎಂದಿರಿ. ಬೆಸುಗೆ ಬಿಡಿಸಿದರೆ 'ಕೊಂಯ್' ಎಂದಿರಿ. ಕೊಂಯ್ ಯಾರಿಗೆ ಬೇಕಿತ್ತು ಸ್ವಾಮೀ? ಸೋತು ಎಲ್ಲವನ್ನೂ ಮತ್ತೆ ಸರಿಯಾಗಿಯೇ ಕೂರಿಸಿದೆ. ಇಷ್ಟು ವರ್ಷ ಜನ ಕೆಟ್ಟಿದ್ದನ್ನು ತಂದು ಸರಿ ಮಾಡಿಸಿಕೊಂಡರೇ ಹೊರತು, ಸರಿಯಿರುವುದನ್ನು ಮೊದಲಿನಂತೆ ಕೆಡಿಸಿಕೊಡಿ ಎಂದವರಿಲ್ಲ. ಆ ವಿದ್ಯೆ ನನಗೆ ಬಾರದು. ಮೊನ್ನೆ ಊಟಕ್ಕೆ ಕೂತಾಗ ಮಗಳು ಅವಳಮ್ಮನ ಕಡೆ ತಿರುಗಿ, ನನಗೆ ಕೇಳಲೆಂದೇ, 'ಎರಡು ವರ್ಷ ಅಪ್ಪ ಕೇಳಿಸ್ಕೊಂಡಿದ್ದು ಗುಂಯ್ ಅನ್ನೋದೊಂದೇ. ಒಂದು ಹಾಡಾದ್ರೂ ಕೇಳಿದಾನಾ, ಕೇಳಮ್ಮ' ಎಂದಳು. ಯೋಚಿಸಿದೆ. ಒಂದೇ ಒಂದು ಸಾಲೂ ನೆನಪಿಗೆ ಬರಲಿಲ್ಲ. ನಾಚಿಕೆಯಾಗಿ ತಟ್ಟೆ ಎತ್ತಿಕೊಂಡು ಎದ್ದೆ.

ಆದ್ದರಿಂದ ಶನಿವಾರ ಸಂಜೆ ಆರರೊಳಗೆ ತಾವು ದಯಮಾಡಿ ಕೆಟ್ಟುಹೋಗಬೇಕೆಂದು ಪ್ರಾರ್ಥನೆ. ಹೇಗೆ ಬೇಕೋ ಹಾಗೆ ಕೆಟ್ಟು, ಸುಟ್ಟು ಕರಕಲಾಗಿ ಸಭೆಗೆ ಹೊಗೆ ಹಾಕುವುದು ಬೇಡ. ಹಿಂದಿನ ಘನತೆಯಲ್ಲಿ, ಅದೇ ಸಂದಿಯಲ್ಲಿ ಕೆಡಬೇಕು. ಅದು ತಮ್ಮಿಂದಾಗದಿದ್ದರೆ ಆ ಮಾತನ್ನು ತಾವೇ ನನ್ನ ಮಗಳಿಗೆ ತಿಳಿಸುವ ಕೃಪೆ ಮಾಡಬೇಕು, ಏಕೆಂದರೆ ನಾನು ಕರೆದರೆ ಅವಳು ಓಗೊಡುವುದಿಲ್ಲ.

ತಮ್ಮ ಉತ್ತಮ ಆರೋಗ್ಯದಿಂದ ತೀವ್ರವಾಗಿ ನೊಂದಿರುವ
ತಮ್ಮ ವಿಶ್ವಾಸಿ,
ರೇಡಿಯೋ ರಿಪೇರಿಯವನು

ತಾ.ಕ.: ಇದನ್ನು ಅಂಗಡಿಯ ಬಾಗಿಲಿಗೆ ಅಂಟಿಸುವ ಮೊದಲು ತಮ್ಮನ್ನು ಶಪಿಸುತ್ತ ಕೂತಿದ್ದವನು, ನನಗೇ ಅರಿವಿಲ್ಲದೆ ಏನನ್ನೋ ಗುನುಗುತ್ತಿದ್ದೆನಂತೆ. ಮಗಳು ಗಿಟಾರ್ ಹಿಡಿದು ಓಡಿಬಂದು, ಎದುರಿನ ಸ್ಟೂಲಿನಲ್ಲಿ ಕೂತು, ನನ್ನ ಬಾಯಿಯನ್ನೇ ನೋಡುತ್ತ ಒಂದೊಂದೇ ತಂತಿ ಬಿಗಿದು, 'ಅದೇ ಗುಂಯ್! ನಿಲ್ಲಿಸ್ಬೇಡ ಅಪ್ಪಾ' ಎಂದಳು. ಶನಿವಾರ ಪರದೆಯ ಹಿಂದೆ ಮೈಕ್ ಹಿಡಿದು ಗುಂಯ್ ಎನ್ನುವ ಹುದ್ದೆಗೆ ನನ್ನ ನೇಮಕವಾಗಿದ್ದು, ಅಲ್ಲಿ ಕೂತು ಹನ್ನೆರಡು ಹಾಡನ್ನೂ ಪೂರ್ತಿ ಕೇಳಬೇಕೆಂದು ಅಪ್ಪಣೆಯೂ ಆಗಿದೆ. ಇನ್ನು ತಾವು ಎಷ್ಟೇ ಚೆನ್ನಾಗಿ ಕೆಟ್ಟರೂ ನಾನು ಜಾಗ ಬಿಟ್ಟುಕೊಡುವವನಲ್ಲ.