ಕೇದಾರನ ಕುದುರೆಪುಡಿ

"ಯುಗಾದಿಯೊಳಗ ಸಿಂಹಗಡದ ನೆತ್ತಿ ಮ್ಯಾಲೆ ಆ ಸುಹಾಸಗಿಂತ ಮೊದಲ ಕಾಲಿಡಲಿಲ್ಲಂದ್ರ ನನ್ನ ಹೆಸರು ಕೇದಾರನ ಅಲ್ಲ!"

ಈ ಭೀಷ್ಮಪ್ರತಿಜ್ಞೆ ನಡೆದದ್ದು ಪುಣೆಯ ವಿಮಾನ ನಗರದ ಫ್ಲ್ಯಾಟೊಂದರ ಬಚ್ಚಲುಮನೆಯಲ್ಲಿ. ಹೊರಗೆ ತಾಯಿ, ಹೆಂಡತಿ ಯಾರಿಗೂ ಕೇಳಿಸದಿರಲೆಂದು ಕೇದಾರ ನಲ್ಲಿಯನ್ನು ಪೂರ್ತಿ ಬಿಟ್ಟುಕೊಂಡೇ ಗರ್ಜಿಸಿದ್ದ. ಹೆಂಡತಿಯ ಭಯ ಪ್ರತಿಜ್ಞೆಗಿಂತ ದೊಡ್ಡದು ನೋಡಿ!

ಕೇದಾರನಿಗೆ ನಲವತ್ತೈದು. ಕೆಲಸ ತಳೇಗಾಂವ ದಾಭಾಡೆಯ ಫ್ಯಾಕ್ಟರಿಯಲ್ಲಿ. ಮನೆಯ ಬಾಗಿಲಿಗೆ ಕಂಪನಿಯ ಬಸ್ಸು ಬರುತ್ತದೆ, ಫ್ಯಾಕ್ಟರಿಯ ಬಾಗಿಲಲ್ಲಿ ಇಳಿಸುತ್ತದೆ. ಆ ಬಸ್ಸಿನ ಮೆಟ್ಟಿಲು ಬಿಟ್ಟರೆ ಅವನು ಜೀವನದಲ್ಲಿ ಬೇರೇನೂ ಹತ್ತಿದವನಲ್ಲ. ಹೊಟ್ಟೆಯೊಂದು ಮಾತ್ರ ಧಾರವಾಡದಿಂದ ಪುಣೆಗೆ ಬಂದ ಮೇಲೆ ಮಜಬೂತಾಗಿ ಬೆಳೆದಿತ್ತು.

ಸುಹಾಸರಾಯರದು ಎದುರು ಬಾಗಿಲು. ಉಡುಪಿಯ ಕಡೆಯವರು, ಹೋಟೆಲ್ ಇದೆ, ವಯಸ್ಸು ಐವತ್ತನಾಲ್ಕು. ಮೊಮ್ಮಗ ಬೇರೆ ಇದ್ದಾನೆ. ಇಂಥ ಅಜ್ಜ ಪ್ರತಿ ಭಾನುವಾರ ಹೆಂಡತಿ ಚಿತ್ರಾರೊಂದಿಗೆ ಊರ ಹೊರಗಿನ ಸಿಂಹಗಡದ ಕೋಟೆ ಹತ್ತುತ್ತಾರೆ. ಸಂಕ್ರಾಂತಿಯಿಂದೀಚೆಗೆ ಕೇದಾರನ ಹೆಂಡತಿ ಮುಕ್ತಾ ಕೂಡ ಅವರ ಜೊತೆ ಹೊರಟುಬಿಟ್ಟಿದ್ದಳು. ಹೋಗಲಿ, ಗಾಳಿ ಕುಡಿದು ಬರಲಿ. ಆದರೆ ಬರುವಾಗ ಸುಮ್ಮನೆ ಬರುತ್ತಿದ್ದಳೇ?

"ಸುಹಾಸಣ್ಣಾರು ಇವತ್ತ ಎಲ್ಲೂ ಕೂಡದನ ಹತ್ತಿದ್ರು ನೋಡ್ರಿ. ಉಸರ ಸುದ್ದಾ ಏರಲಿಲ್ಲ!"

"ಹೋಟೆಲ್ ನಡಸೋ ಮನಶಾಗ ಬ್ಯಾರೆ ಏನ ಕೆಲಸ ಇರ್ತದ?"

"ಹೌದ್ರಿ, ನಿಮಗ ಭಾಳ ಕೆಲಸ. ಅದಕ್ಕ ಸೋಫಾ ನೀವು ಕೂಡೋ ಕಡೆ ತಗ್ಗ ಬಿದ್ದದ."

ಅಣ್ಣಾ ಎಂದೇ ಕರೆಯುತ್ತಾಳೆ, ಸಂಶಯಕ್ಕೆ ಜಾಗವೇ ಇಲ್ಲ. ಆದರೆ ಸಂಶಯಕ್ಕೆ ಮದ್ದಿದೆ, ಹೊಟ್ಟೆಕಿಚ್ಚಿಗೆ ಎಲ್ಲಿಯ ಮದ್ದು? ಮದುವೆಯಾಗಿ ಇಷ್ಟು ವರ್ಷದಲ್ಲಿ ಮುಕ್ತಾ ಗಂಡನ ಬಗ್ಗೆ ಯಾರೆದುರಿಗಾದರೂ ಒಂದು ಮೆಚ್ಚುಗೆಯ ಮಾತಾಡಿದ್ದು ಕೇದಾರನಿಗೆ ನೆನಪಿರಲಿಲ್ಲ. ಇಡೀ ಕಟ್ಟಡದ ಎದುರಿಗೆ, ಮುಖ್ಯವಾಗಿ ಆ ಸುಹಾಸನ ಎದುರಿಗೆ, ಅವಳ ಬಾಯಿಂದ ಅಂಥದೊಂದು ಮಾತು ಉದುರಬೇಕು. ಅವನಿಗೆ ಬೇಕಾದದ್ದು ಅಷ್ಟೇ. ಅದಕ್ಕಾಗಿ ಗಡವೇನು, ಗೌರೀಶಂಕರ ಹತ್ತಲೂ ಸಿದ್ಧ!

ಆದರೆ ಹತ್ತುವುದು ಹೇಗೆ? ಊಟಕ್ಕೆ ಕೂತಾಗ ಏನೂ ಅರಿಯದವನಂತೆ ಮಾತು ತೆಗೆದ. ಮುಕ್ತಾ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು.

"ಅಲ್ಲ, ಈ ಅಶ್ವಗಂಧಾ, ಮುಸಳಿ, ಗೋಖರು ತಗೊಂಡ್ರ ಹಾರ್ಮೋನ್ ಏರಿ ಆನಿ ಬಲ ಬರ್ತದಂತಲ್ಲ, ಖರೇನ?"

"ಅಶ್ವಗಂಧದ ಮ್ಯಾಲೆ ನಾಕ ಸಣ್ಣಪುಟ್ಟ ಪ್ರಯೋಗ ಆಗ್ಯಾವ, ಅಷ್ಟಿಷ್ಟು ಫರಕ ಕಂಡದಂತಾರ. ಉಳಿದದ್ದಕ್ಕ ಪಾಕೀಟಿನ ಮ್ಯಾಲಿನ ಕುದರೀನ ಸಾಕ್ಷಿ. ಒಳಗ ಏನೇನ ಕೂಡಸ್ಯಾರೋ ಯಾರು ಕಂಡಾರ? ಮುಂಜಾನೆದ್ದು ನಡೀರಿ, ಪುಕ್ಕಟ ಬಲ ಬರ್ತದ."

ಗಂಡಸಿನ ಕಿವಿ ವಿಚಿತ್ರ ಯಂತ್ರ. ಕೇದಾರನಿಗೆ ಕೇಳಿಸಿದ್ದು 'ಫರಕ ಕಂಡದ' ಎಂಬಲ್ಲಿಯವರೆಗೆ ಮಾತ್ರ!

ಆ ಶನಿವಾರ ಸೋದರಮಾವನನ್ನು ಬೆಳಗಾವಿಯ ಬಸ್ಸು ಹತ್ತಿಸಲು ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋದವನು, ಅಲ್ಲೊಂದು ಜಡಿಬೂಟಿ ಅಂಗಡಿಯ ಮುಂದೆ ನಿಂತೇಬಿಟ್ಟ. ಪಾಕೀಟಿನ ಮೇಲೆ ಕುದುರೆಯೊಂದು ಎರಡೇ ಕಾಲ ಮೇಲೆ ನಿಂತು ಕೆನೆಯುತ್ತಿತ್ತು. "ಘ್ಯಾ ಸಾಹೇಬ! ಘೋಡಾ ವ್ಹಾಲ, ಘೋಡಾ!" ಎಂದ ಅಂಗಡಿಯವ. ಕುದುರೆಯಾಗುತ್ತೀರಿ ಎಂದು ಮುಖದ ಮೇಲೆ ಹೇಳಿಸಿಕೊಂಡು, ಖುಷಿಯಿಂದ ದುಡ್ಡು ಕೊಟ್ಟು ಬಂದವನು ನಮ್ಮ ಕೇದಾರ.

ಈಗ ಅದನ್ನು ಬಚ್ಚಿಡುವ ಪ್ರಶ್ನೆ. ಮುಕ್ತಾ ಕಂಡರೆ ಆಡಿಕೊಂಡು ನಗುತ್ತಾಳೆ, ಅದನ್ನು ಸುಹಾಸಣ್ಣನಿಗೂ ಹೇಳುತ್ತಾಳೆ. ಅಡುಗೆಮನೆಯ ಮೇಲಿನ ಮಾಡದಲ್ಲಿ ಒಂದು ಸ್ಟೀಲಿನ ಡಬ್ಬಿ ಕೂತಿತ್ತು. ಚಿತ್ರಾ ಅವರು ಬಾಳೆಹಣ್ಣಿನ ಬನ್ಸ್ ಕಳಿಸಿದ ಡಬ್ಬಿ. ನೆರೆಮನೆಯ ಡಬ್ಬಿಯನ್ನು ಬರಿದಾಗಿ ಮರಳಿಸುವ ರೂಢಿ ಇಲ್ಲವಲ್ಲ, ಏನಾದರೂ ತುಂಬಿಯೇ ಕೊಡಬೇಕೆಂದು ಮುಕ್ತಾ ತೊಳೆದಿಟ್ಟು ಮರೆತಿದ್ದಳು. ಕೇದಾರ ಪುಡಿಯನ್ನು ಅದಕ್ಕೇ ಸುರಿದ. ವೈರಿಯ ಡಬ್ಬಿಯಿಂದಲೇ ವೈರಿಯ ಸಂಹಾರ!

ಭಾನುವಾರ ಮೊದಲ ಚಮಚ ಹಾಲಿಗೆ ಬಿತ್ತು. ಅಬ್ಬಾ! ಹಳೆಯ ಗೋಣಿಚೀಲವನ್ನು ನೆನೆಹಾಕಿ ಹಿಂಡಿದ ರುಚಿ. ಕಣ್ಣು ಮುಚ್ಚಿ, ಕುಲದೇವರನ್ನು ನೆನೆದು ನುಂಗಿದ. ಆಮೇಲೆ ಎರಡು ದಿನ ಫ್ಯಾಕ್ಟರಿಯಲ್ಲಿ ಆಡಿಟ್ ಎಂದು ತಳೇಗಾಂವದಲ್ಲೇ ಉಳಿಯಬೇಕಾಯಿತು. ಮರಳಿ ಬಂದು ಎರಡನೆಯ ಚಮಚ ಕಲಸಿದರೆ, ಪವಾಡ! ಕಹಿ ಮಾಯ. ಏಲಕ್ಕಿಯ ಪರಿಮಳ ಬೇರೆ!

"ಒಂದೇ ಡೋಸಿಗೆ ನಾಲಗೀನ ಶುದ್ಧ ಆಗಿಬಿಟ್ಟದ" ಎಂದು ಕೇದಾರ ತನಗೆ ತಾನೇ ಹೇಳಿಕೊಂಡ. "ಆಯುರ್ವೇದ ಅಂದ್ರ ಸುಮ್ಮನ ಏನು!"

ಪಾಕೀಟಿನ ಹಿಂದೆ ಪಥ್ಯ ಬರೆದಿತ್ತು. ಪುಡಿ ಕುಡಿದ ಮೇಲೆ ಒಂದು ತಾಸು ನಡೆಯಬೇಕು, ಕರಿದದ್ದು ಮುಟ್ಟಬಾರದು, ಹತ್ತಕ್ಕೆಲ್ಲ ಮಲಗಬೇಕು. ಕೇದಾರ ಚಾಚೂ ತಪ್ಪದೆ ಪಾಲಿಸಿದ. ವಡಾಪಾವಿನ ಗಾಡಿಯವನು ಇವನ ಆರೋಗ್ಯ ವಿಚಾರಿಸಲು ಶುರುಮಾಡಿದ. ತಿಂಗಳೊಪ್ಪತ್ತಿನಲ್ಲಿ ಪ್ಯಾಂಟು ಸಡಿಲಾಯಿತು, ಬಸ್ಸಿನ ಮೆಟ್ಟಿಲನ್ನು ಎರಡೆರಡು ದಾಟತೊಡಗಿದ. ಎಲ್ಲವೂ ಪುಡಿಯ ಮಹಿಮೆ! ಒಂದು ಬೆಳಿಗ್ಗೆ ದನಿಯೂ ಗಡುಸಾಗಿ ಕೇಳಿಸಿತು. ಹಾರ್ಮೋನು ಗಂಟಲಿಗೆ ಏರಿದೆಯೆಂದು ಎದೆಯುಬ್ಬಿಸಿ ಮುಕ್ತಾಳ ಮುಂದೆ ನಿಂತು, "ನನ್ನ ಆವಾಜಿನ್ಯಾಗ ಏನರೆ ಫರಕ ಕಾಣಸ್ತದೇನು?" ಎಂದ.

"ಥಂಡಿ ಆಗೇದ. ಕಷಾಯ ಮಾಡ್ತೀನಿ, ಕೂಡ್ರಿ."

ಅಂತೂ ಯುಗಾದಿಯ ಹಿಂದಿನ ಭಾನುವಾರ ಬಂತು. "ಇವತ್ತ ನಾನೂ ಬರ್ತೀನಿ" ಎಂದಾಗ ಮುಕ್ತಾ ಹುಬ್ಬೇರಿಸಿದಳು. ಕೇದಾರ ಗಡದ ಬುಡದಲ್ಲಿ ಒಮ್ಮೆ ನೆಲ ಕೆದರಿ, ಪಾಕೀಟಿನ ಕುದುರೆಯನ್ನು ಧ್ಯಾನಿಸಿ ಹೊರಟ. ಹತ್ತಿದ. ಬೆವರಿದ. ನಿಂಬೂಪಾನಿಯವರು ಕರೆದರೂ ತಿರುಗಲಿಲ್ಲ. ಸುಹಾಸರಾಯರು ದಾರಿಯಲ್ಲಿ ಯಾವುದೋ ಅಜ್ಜಿಯ ಚೀಲ ಹೊರಲು ನಿಂತರು. ನಿಲ್ಲಲಿ! ನಿಂತವರನ್ನು ದಾಟುವುದೂ ದಾಟುವುದೇ. ಗಡದ ನೆತ್ತಿಯ ಪುಣೆ ದರವಾಜೆಯೊಳಗೆ ಮೊದಲ ಕಾಲಿಟ್ಟದ್ದು ಕೇದಾರ!

ಮೇಲೆ ಪಿಠಲೆ-ಭಾಕ್ರಿ ಊಟದ ಚಪ್ಪರದ ಕೆಳಗೆ ನಾಲ್ವರೂ ಚಾಪೆಯ ಮೇಲೆ ಕೂತರು.

"ಎಂತ ಮಾರಾಯ್ರೆ, ನಮ್ಮನ್ನೆಲ್ಲ ಬಿಟ್ಟು ಓಡಿಯೇ ಬಿಟ್ರಲ್ಲ!" ಎಂದರು ಸುಹಾಸರಾಯರು. ಅವರ ದನಿಯಲ್ಲಿ ಒಂದಿಷ್ಟೂ ಅಸೂಯೆ ಇರಲಿಲ್ಲ. ಕೇದಾರನಿಗೆ ಅದನ್ನೂ ಸಹಿಸಲಾಗಲಿಲ್ಲ.

ಮುಕ್ತಾ ಗಂಡನ ಕಡೆ ತಿರುಗಿದಳು. ಅವಳ ಮುಖದಲ್ಲಿ ಹಿಂದೆಂದೂ ಕಾಣದ ಒಂದು ಕಳೆ. "ಖರೇ ಹೇಳ್ತೀನಿ, ಇವತ್ತ ನೀವು..." ಎಂದು ಬಾಯಿ ತೆರೆದಳು.

ಅಯ್ಯೋ, ಆ ಮನುಷ್ಯ ಅರ್ಧ ನಿಮಿಷ ಸುಮ್ಮನಿರಬಾರದಿತ್ತೇ!

"ಹಾರ್ಮೋನ್!" ಎಂದು ಕೇದಾರ ತೊಡೆ ತಟ್ಟಿದ. "ಅಶ್ವಗಂಧಾ, ಮುಸಳಿ! ನಮ್ಮ ಮನಿಯಾಕಿ ಪುರಾವೆ ಇಲ್ಲ ಅಂತಿದ್ಲು. ನಿಮ್ಮ ಮುಂದ ಕೂತದ ನೋಡ್ರಿ ಪುರಾವೆ! ದಿನಾ ಕುಡದೀನಿ. ಅದೂ ಎಲ್ಲಿಟ್ಟಿದ್ದೆ? ಚಿತ್ರಾ ಅವರ, ನಿಮ್ಮ ಡಬ್ಬಿಯೊಳಗನ!"

ಚಿತ್ರಾ ಅವರ ಕೈಯ ತುತ್ತು ಕೈಯಲ್ಲೇ ಉಳಿಯಿತು. "ನಮ್ಮ ಬನ್ಸಿನ ಡಬ್ಬಿಯಾ? ಅದನ್ನು ನಿಮ್ಮ ಅಮ್ಮ ಪುಡಿ ತುಂಬಿಸಿ ವಾಪಸ್ ತಂದುಕೊಟ್ಟಿದ್ರಲ್ಲ!"

ನಡೆದದ್ದು ಇಷ್ಟು. ಮಗ ತಳೇಗಾಂವಕ್ಕೆ ಹೋದ ದಿನ ಕೇದಾರನ ತಾಯಿ ರಂಗೂಬಾಯಿ ಆ ಡಬ್ಬಿಯನ್ನು ಕಂಡರು. ಸೊಸೆ ಮೆಂತ್ಯಹಿಟ್ಟು ತುಂಬಿಟ್ಟು ಕೊಡಲು ಮರೆತಿದ್ದಾಳೆಂದು ತಿಳಿದು, ತಾವೇ ಎದುರುಮನೆಗೆ ಒಯ್ದು ಮುಟ್ಟಿಸಿದ್ದರು.

"ಮೂಸಿ ನೋಡಿದೆ, ಮಣ್ಣು ಮಣ್ಣು ವಾಸನೆ" ಎಂದರು ಚಿತ್ರಾ. "ತಲೆಗೆ ಹಾಕುವ ಪುಡಿ ಅಂತ ಮಾಡಿ ಇವರ ತಲೆಗೆ ತಿಕ್ಕಿದೆ."

"ಹೊಟ್ಟು ಪೂರಾ ಹೋಯ್ತು ಮಾರಾಯ್ರೆ!" ಎಂದು ಸುಹಾಸರಾಯರು ಕೃತಜ್ಞತೆಯಿಂದ ತಲೆ ಸವರಿಕೊಂಡರು.

"ಹಂಗಾದ್ರ ಮರುದಿನ ಹೊಳ್ಳಿ ಬಂದ ಡಬ್ಬಿ ಅದನ!" ಎಂದಳು ಮುಕ್ತಾ. "ನಾನ ಮ್ಯಾಲ ಇಟ್ಟೆ. ದಿನಾ ಕಡಿಮಿ ಆಗ್ಲಿಕತ್ತಿತ್ತು. ಅತ್ತಿ ಕುಡೀಲಿಕತ್ತಾರ ಅಂತ ತಿಳದಿದ್ದೆ."

ಕೇದಾರನ ಗಡುಸು ದನಿ ಎತ್ತಲೋ ಹಾರಿಹೋಗಿತ್ತು. "ಮತ್ತ... ನಾ ಕುಡದದ್ದು ಏನು?"

"ರಾಗಿ ಪುಡಿ" ಎಂದರು ಚಿತ್ರಾ. "ಮೊಳಕೆ ಬರಿಸಿ, ಹುರಿದು, ಏಲಕ್ಕಿ ಹಾಕಿ ನಮ್ಮ ಪಾಪುವಿಗೆ ಅಂತ ಮಾಡಿದ್ದು. ಅಮ್ಮ ಪುಡಿ ಕೊಟ್ಟ ಮೇಲೆ ನಾವೂ ಏನಾದ್ರೂ ಕೊಡ್ಬೇಡ್ವಾ? ಅವರಿಗೂ ಆಗ್ತದೆ ಅಂತ ಅದೇ ಡಬ್ಬಿಯಲ್ಲಿ ತುಂಬಿಸಿ ಕಳಿಸಿದೆ."

ಮುಕ್ತಾ ನಕ್ಕಳು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನಕ್ಕಳು. ಪಕ್ಕದ ಚಾಪೆಯ ಮರಾಠಿ ಸಂಸಾರ ಅರ್ಥವಾಗದೆಯೇ ಜೊತೆಗೆ ನಕ್ಕಿತು. ಕೇದಾರ ಮೊಸರಿನ ಕುಡಿಕೆಯಲ್ಲಿ ಮುಖ ಹುದುಗಿಸಿ, ಅದು ಇನ್ನಷ್ಟು ಆಳವಾಗಿರಬಾರದಿತ್ತೇ ಎಂದು ಹಲುಬಿದ. ಆದರೂ ಆಸೆ ಬಿಡಬೇಕಲ್ಲ!

"ಪುಡಿ ಹಾಳಾಗಿ ಹೋಗ್ಲಿ" ಎಂದ ಮೆಲ್ಲಗೆ. "ಹತ್ತಿದಾಂವಾ ನಾನ ಹೌದಲ್ಲ? ನೀ ಏನೋ ಹೇಳ್ಲಿಕತ್ತಿದ್ದಿ..."

"ಹೌದ್ರಿ, ಅದನ್ನ ಹೇಳಬೇಕಂತ..."

"ಆ ರಾಗಿಯಲ್ಲಿ ಎಂಥದೋ ಶಕ್ತಿ ಉಂಟು ಮುಕ್ತಾ!" ಎಂದು ಚಿತ್ರಾ ನಡುವೆ ಬಾಯಿ ಹಾಕಿದರು. "ಅದನ್ನೇ ಕುಡಿದು ನಮ್ಮ ಪಾಪು ಮೊನ್ನೆ ಯಾರ ಕೈಯೂ ಹಿಡಿಯದೆ ನಡೆದ!"

"ಏನಂದ್ರಿ? ಹನ್ನೊಂದ ತಿಂಗಳಿಗೇ?" ಮುಕ್ತಾ ಪೂರ್ತಿ ಆ ಕಡೆಗೇ ತಿರುಗಿಬಿಟ್ಟಳು. "ಭಾಳ ಶಾಣ್ಯಾ ಇದ್ದಾನ ಬಿಡ್ರಿ! ವಿಡಿಯೋ ತೋರಸ್ರಿ, ತೋರಸ್ರಿ!"

ಮೂರು ತಲೆಗಳು ಒಂದು ಫೋನಿನ ಮೇಲೆ ಬಾಗಿದವು. ಕೇದಾರ ಹಿಂದಿನಿಂದ ಕತ್ತು ಚಾಚಿ ನೋಡಿದ. ಕೂಸು ನಾಲ್ಕು ಹೆಜ್ಜೆ ಹಾಕಿ ದೊಪ್ಪೆಂದು ಕೂತಿತು.

"ನಾ ಇಡೀ ಗಡ ಹತ್ತೀನಿ" ಎಂದ ಕೇದಾರ. "ಒಮ್ಮೆನೂ ಬಿದ್ದಿಲ್ಲ!"

"ಸ್ವಲ್ಪ ಸುಮ್ಮನಿರ್ರಿ" ಎಂದಳು ಮುಕ್ತಾ, ಫೋನಿನಿಂದ ಕಣ್ಣು ಕೀಳದೆ. "ಕೂಸು ಮತ್ತ ಏಳ್ಲಿಕತ್ತದ."