ಪೂರ್ತಿ ಹಾಡಲು ಬಿಡದ ಊರು

ಅಮೆರಿಕದಲ್ಲಿ ರ‍್ಯಾಪ್ ಹಾಡಿದರೆ ಬಂಗಲೆ, ಕಾರು ಸಿಗುತ್ತವಂತೆ. ನಂಜನಗೂಡಿನ ಕಡೆ ಹಾಡಿದರೆ ಸಿಗುವುದು ಇಂಥ ಪ್ರಸಂಗಗಳೇ, ಅದೂ ಬೇಡಬೇಡವೆಂದರೂ. ಬೆಳಿಗ್ಗೆ ತಾಂಡವಪುರದಲ್ಲಿ ಹಾಲು ಅಳೆಯುವ ನಾನು ಉಳಿದ ಹೊತ್ತು ರ‍್ಯಾಪರ್. ಆದರೆ ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ. ಒಂದೇ ಒಂದು ಹಾಡನ್ನು ಜನರೆದುರು ಕೊನೆಯವರೆಗೆ ಹಾಡಿಬಿಡಬೇಕು ಎಂಬ ಹುಚ್ಚು. ಅದೇ ಆಗುತ್ತಿರಲಿಲ್ಲ.

ಡೇರಿಯಲ್ಲಿ

ಹಾಲಿನವರು ಬರುವ ಮೊದಲು ಕೈಬೀಸಿಕೊಂಡು ಅಭ್ಯಾಸ ಮಾಡುತ್ತಿದ್ದೆ. ಕ್ಯಾನು ಹಿಡಿದು ಬಂದ ತಾತ ಬಾಗಿಲಲ್ಲೇ ನಿಂತುಬಿಟ್ಟರು.

"ಯಾರ್ ಮ್ಯಾಲ್ಲಾ ಮಗ ಇಷ್ಟೊಂದು ಸಿಟ್ಟು? ಜಮೀನ್ ಯಾಜ್ಯವಾ?"

"ಇಲ್ಲ ತಾತ, ಇದು ಹಾಡು."

"ಮೊದ್ಲೇ ಯೋಳ್ಬಾರ್ದಾ! ನ್ಯಾಯ ಮಾಡಕ್ಕೆ ನಾಕ್ ಜನುನ್ನ ಕರ್ಕಬಾ ಅಂತ ಮೊಮ್ಮಗುನ್ನ ಕಳ್ಸಿವ್ನಿ."

ನಾಲ್ವರೂ ಬಂದರು. ರಾಜಿಯಾಗಲು ನನಗೊಬ್ಬ ಎದುರಾಳಿ ಇರಲಿಲ್ಲ ಅಷ್ಟೆ.

ವೇದಿಕೆಯಲ್ಲಿ

ತಿ. ನರಸೀಪುರದಲ್ಲಿ ಒಂದು ಸಂಘದ ಸಮಾರಂಭ. ನನ್ನ ಹಾಡಿನ ನಡುವೆ ಒಂದು ಕಡೆ ಸಂಗೀತ ನಿಲ್ಲುತ್ತದೆ; ನಾನೂ ಕಣ್ಣು ಮುಚ್ಚಿ ತಲೆ ತಗ್ಗಿಸುತ್ತೇನೆ. ಆಮೇಲೆ ಸಿಡಿಲಿನಂತೆ ಎರಡನೇ ಭಾಗ. ಅಂದೂ ತಲೆ ತಗ್ಗಿಸಿದೆ. ಎತ್ತುವಷ್ಟರಲ್ಲಿ ತಲೆ ಮೇಲೆ ಮೈಸೂರು ಪೇಟ, ಹೆಗಲ ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ!

"ಇನ್ನೂ ಅರ್ಧ ಐತೆ ಸಾ," ಎಂದು ಕಾರ್ಯದರ್ಶಿಯನ್ನು ಗೋಗರೆದೆ.

"ಅದ್ನ ಮುಂದಿನ್ ವರ್ಸುಕ್ಕೆ ಇಟ್ಕಳಿ."

ಮದುವೆಯಲ್ಲಿ

ಗೆಳೆಯನ ಮದುವೆ. ಹೆಣ್ಣು ಕಳಲೆಯವಳು. ಈ ಸಲ ಬಿಡುವುದಿಲ್ಲವೆಂದು ದೊಡ್ಡ ರ‍್ಯಾಪರ್‌ಗಳಂತೆ ಕೊರಳಿಗೆ ದಪ್ಪ ಸರಪಣಿ ಹಾಕಿಕೊಂಡು ಮೈಕ್ ಹಿಡಿದೆ. ರ‍್ಯಾಪಿನಲ್ಲಿ ಜಂಬ ಕೊಚ್ಚಿಕೊಳ್ಳುವುದೇ ರಿವಾಜು: ನನ್ನ ಸಮ ಯಾರಿಲ್ಲ, ಎದುರು ನಿಲ್ಲುವವರಿಲ್ಲ. ಅರ್ಧಕ್ಕೆ ಬಂದಿದ್ದೆ, ಯಾರೋ "ಊಟಕ್ಕೆ ಏಳ್ರಪ್ಪಾ" ಎಂದು ಕೂಗಿದರು. ಜನ ದಡಬಡ ಎದ್ದರು. ನನಗೆ ಅಳುವೇ ಬಂತು.

ಆಗ ಹೆಣ್ಣಿನ ಅಜ್ಜಿ ಗುಡುಗಿದರು: "ಕೂತ್ಕಳ್ರಲಾ ಎಲ್ರೂವೆ! ಗಂಡಿನ್ ಕಡೆಯವ್ನು ನಮ್ಮುನ್ನ ಪೂರ್ತಿ ಅಂಗಿಸಿ ಮುಗುಸ್ಲಿ. ಆಮ್ಯಾಕೆ ಸೋಬಾನೇಲಿ ಉತ್ರ ಕೊಡದು ನಮ್ ಧರ್ಮ."

ನಮ್ಮ ಮದುವೆಗಳಲ್ಲಿ ಬೀಗರು ಬೀಗರನ್ನು ಹಾಡಿನಲ್ಲೇ ಹಂಗಿಸುವ ಪದ್ಧತಿಯುಂಟು. ನನ್ನ ಜಂಬವನ್ನು ಅಜ್ಜಿ ಅದೇ ಎಂದುಕೊಂಡಿದ್ದರು! ನಾನೇಕೆ ತಿದ್ದಲಿ? ಕೊನೇ ಅಕ್ಷರದವರೆಗೂ ಹಾಡಿದೆ. ಜನ್ಮ ಸಾರ್ಥಕವಾಯಿತು ಅನ್ನಿಸಿತು.

ಅಜ್ಜಿ ಎಲೆ ಅಡಿಕೆ ಉಗಿದು ಬಂದು ಮೈಕ್ ಕಿತ್ತುಕೊಂಡರು:

"ಸರಪಣಿ ಬಿಗಿದವ್ರೆ ಸೊಕ್ಕೀದ ಕೊರಳೀಗೆ
ಕೊಟ್ಟೀಗೆ ಬಿಟ್ಟು ಬಂದ್ಯೇನೋ ಬೀಗಣ್ಣ
ಕಟ್ಟಿದೋರ್ ಉಡುಕ್ತಾರೆ ಓಗಪ್ಪ, ಸೋಬಾನೆ!"

ಛತ್ರ ಬಿದ್ದು ಬಿದ್ದು ನಕ್ಕಿತು. ಹೊರಗೆ ಒಬ್ಬ ಯಜಮಾನರು ನನ್ನ ಕೈ ಹಿಡಿದರು. "ನಮ್ ಮಗಳ್ ಮದ್ವೆಗೂ ಬರ್ಬೇಕು ಕಣಪ್ಪ."

"ನನ್ನ ಹಾಡು ಅಷ್ಟು ಇಷ್ಟ ಆಯ್ತಾ ಸಾ?"

"ಅಜ್ಜೀನ ಒಪ್ಸಿವ್ನಿ. ಅವ್ರು ಬಯ್ಯಕ್ಕೆ ಎದ್ರುಗೊಬ್ರು ಬೇಕಲ್ಲಾ!"